ಹೋಟೆಲುಗಳಲ್ಲಿ ಇಂಧನ ಮಿತವ್ಯಯ: ಬಿಸಿನೀರು, ಹಬೆ, ವಿದ್ಯುತ್ ಬಿಲ್ಲು

ಮೈಸೂರು–ನಂಜನಗೂಡು ಮಾರ್ಗದ ಕಡಕೊಳದಂತಹ ಊರುಗಳಲ್ಲಿ ಸಣ್ಣ ಹೋಟೆಲು ನಡೆಸುವವರ ಲಾಭಾಂಶ ತೆಳುವಾದದ್ದು. 19 ಕಿಲೋ ಸಿಲಿಂಡರಿನ ದರ ಪದೇ ಪದೇ ಬದಲಾಗುತ್ತದೆ. ತಿಂಡಿಯ ದರವನ್ನು ಹಾಗೆ ಏರಿಸಲಾಗದು. ಆದ್ದರಿಂದ ಉಳಿತಾಯವನ್ನು ಅಡುಗೆಮನೆಯಲ್ಲಿಯೇ ಹುಡುಕಬೇಕಾಗುತ್ತದೆ.

1,000 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ವಿದ್ಯುತ್ ಗೀಸರಿಗೆ ಸುಮಾರು 41 ಯೂನಿಟ್ ಬೇಕು. ಕೊಠಡಿಗಳಿಗೂ ಪಾತ್ರೆ ತೊಳೆಯಲೂ ಅನ್ನದ ಎಸರಿಗೂ ಬೇಕಾದ ಈ ಬಿಸಿನೀರನ್ನು ಬಿಸಿಲಿರುವ ದಿನಗಳಲ್ಲಿ ಸೋಲಾರ್ ವಾಟರ್ ಹೀಟರ್ ಪೂರೈಸಬಲ್ಲದು. ಮೋಡ ಕವಿದ ದಿನಗಳಿಗೆ ಮಾತ್ರ ಬೇರೆ ಏರ್ಪಾಡಿರಲಿ.

ಆದರೆ ಇದೇ ನೀರನ್ನು ಇಡ್ಲಿಯ ಬಾಯ್ಲರಿಗೆ ತುಂಬಿದೊಡನೆ ಗ್ಯಾಸಿನ ವೆಚ್ಚ ಅರ್ಧಕ್ಕಿಳಿಯುವುದೆಂಬ ನಂಬಿಕೆ ಸರಿಯಲ್ಲ. 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯುವ ಹಂತ ತಲುಪಲು 75 ಕಿಲೋ ಕ್ಯಾಲೊರಿ ಸಾಕು. ಅದೆಲ್ಲವೂ ಹಬೆಯಾಗಲು ಮತ್ತೆ ಸುಮಾರು 540 ಬೇಕು. ಅಂದರೆ ದುಬಾರಿಯಾದದ್ದು ಹಬೆ. ಬಾಗಿಲಿನ ಸಂದಿನಿಂದ ಅದು ಸೋರುತ್ತಿದ್ದರೆ ಸೋರುತ್ತಿರುವುದು ಮಾಲೀಕರ ಹಣವೇ. ಸವೆದ ರಬ್ಬರ್ ಪಟ್ಟಿಯನ್ನು ಬದಲಾಯಿಸಲು ತಗಲುವ ವೆಚ್ಚ ಅತ್ಯಲ್ಪ. ಆದರೂ ಇದನ್ನು ಮುಂದೂಡುವವರೇ ಹೆಚ್ಚು! ಉರಿ ಹಳದಿಗಟ್ಟಿ ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರಿಗೆ ಗಾಳಿ ಸಾಲದೆಂದು ತಿಳಿದು ಶುಚಿ ಮಾಡಿಸತಕ್ಕದ್ದು.

60 ವ್ಯಾಟಿನ 20 ಹಳೆಯ ಬಲ್ಬುಗಳ ಬದಲು 9 ವ್ಯಾಟಿನ ಎಲ್‌ಇಡಿ ಹಾಕಿದರೆ 12 ಗಂಟೆಯಲ್ಲಿ 12 ಯೂನಿಟ್ ಉಳಿಯುತ್ತದೆ. ಇದಾದ ಮೇಲೆ ಬಿಲ್ಲಿನ ನಿಗದಿತ ಶುಲ್ಕವನ್ನೂ ಗಮನಿಸಬೇಕು. ಅದು ಬಳಕೆಯನ್ನಲ್ಲ, ಮಂಜೂರಾದ ಲೋಡನ್ನು ಅವಲಂಬಿಸಿದೆ. ಲೋಡು ನಿಜವಾದ ಅಗತ್ಯಕ್ಕಿಂತ ಹೆಚ್ಚಿದ್ದರೆ ಇಳಿಸುವಂತೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಸಲ್ಲಿಸಬಹುದು. ಅದಕ್ಕೆ ಮುನ್ನ ಗ್ರೈಂಡರು, ಫ್ರಿಜ್ಜು, ಪಂಪುಗಳು ಒಟ್ಟಿಗೆ ಓಡುವ ಬೆಳಗಿನ ಹೊತ್ತಿನ ಲೋಡನ್ನು ಅಳತೆ ಮಾಡಿಸುವುದು ಕ್ಷೇಮ. ಮಿತಿ ಮೀರಿದರೆ ದಂಡ ತೆರಬೇಕಾದೀತು.