ಪೋಲಿಯೋ ಕಾಲಿಗೆ ಚಳಿಗಾಲದ ಆರೈಕೆ

ಮಾಗಿ ಚಳಿ ಬಂತೆಂದರೆ ಅಂತರಸಂತೆಯಂಥ ಕಾಡಂಚಿನ ಊರುಗಳಲ್ಲಿ ಬೆಳಗ್ಗೆ ಒಲೆ ಮುಂದಿನಿಂದ ಏಳೋಕೇ ಮನಸ್ಸು ಬಾರದು. ಚಿಕ್ಕಂದಿನಲ್ಲಿ ಪೋಲಿಯೋ ಆಗಿದ್ದ ಅತ್ತಿಗೆಯೋ ಚಿಕ್ಕಪ್ಪನೋ ನಿಮ್ಮ ಮನೆಯಲ್ಲಿದ್ದರೆ ಅವರ ಪಾದವನ್ನೊಮ್ಮೆ ಮುಟ್ಟಿ ನೋಡಿ. ಸೊರಗಿದ ಕಾಲು ತಣ್ಣಗೆ ಕೊರೆಯುತ್ತಿರುತ್ತದೆ, ಬಣ್ಣ ನೀಲಿಗಟ್ಟಿರುತ್ತದೆ.

ಇದಕ್ಕೆ ಕಾರಣವಿದೆ. ಪೋಲಿಯೋ ವೈರಸ್ಸು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನೇ ಕೊಲ್ಲುತ್ತದೆ. ನಡೆಯುವಾಗ ರಕ್ತವನ್ನು ಮೇಲಕ್ಕೆ ಒತ್ತಿ ಕಳಿಸುವುದು ಮೀನಖಂಡ. ಅದೇ ಸೊರಗಿದರೆ ರಕ್ತ ಪಾದದಲ್ಲೇ ತಂಗುತ್ತದೆ.

ಹಾಗಂತ ಆ ಕಾಲನ್ನು ಕೆಂಡಕ್ಕೆ ಒಡ್ಡಬೇಡಿ, ಸುಡುನೀರೂ ಬೇಡ. ಚರ್ಮ ಸುಟ್ಟೀತು, ತುರಿಸುವ ಬಾವು ಎದ್ದೀತು. ಪಾದ ತಣ್ಣಗಾಗುವ ಮೊದಲೇ ಉಣ್ಣೆ ಕಾಲುಚೀಲ ಹಾಕಿಸಿ. ಕೂತಾಗ ಕಾಲು ಜೋತು ಬೀಳದಂತೆ ಎತ್ತರದಲ್ಲಿಡಲಿ. ಕ್ಯಾಲಿಪರ್ ಪಟ್ಟಿ ಮಂಡಿಯ ಕೆಳಗೆ ಒತ್ತದಿರಲಿ. ಅಲ್ಲಿ ನರ ಚರ್ಮದ ಅಡಿಯಲ್ಲೇ ಇರುತ್ತದೆ.

ಮುಖ್ಯವಾದ ಮಾತೊಂದಿದೆ. ಪೋಲಿಯೋ ಕಾಲಿನ ಬಲವನ್ನು ಕಸಿಯುತ್ತದೆ, ಸ್ಪರ್ಶವನ್ನಲ್ಲ. ಪಾದ ಜೋಮು ಹಿಡಿದರೆ, ಮುಳ್ಳು ಚುಚ್ಚಿದ್ದೂ ತಿಳಿಯದಿದ್ದರೆ, "ಹಳೇ ಪೋಲಿಯೋ ತಾನೇ" ಅಂತ ಸುಮ್ಮನಿರಬೇಡಿ. ಸಕ್ಕರೆ ಕಾಯಿಲೆ, ಬಿ-12 ಕೊರತೆ, ಕುಷ್ಠ, ಒತ್ತಿಕೊಂಡ ನರ, ಯಾವುದೂ ಇರಬಹುದು. ಬೇಗ ತೋರಿಸಿದಷ್ಟೂ ಒಳ್ಳೆಯದು. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೊರಡಿ.

ಭಾರತ ಪೋಲಿಯೋ ಮುಕ್ತವೆಂದು ಘೋಷಣೆಯಾದದ್ದು 2014ರಲ್ಲಿ. ಈಗಿನ ಎಳೆಯ ಡಾಕ್ಟರುಗಳಲ್ಲಿ ಆ ರೋಗವನ್ನು ಕಣ್ಣಾರೆ ಕಂಡವರು ಕಡಿಮೆ. "ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು" ಎಂದು ನೀವೇ ಮೊದಲು ಹೇಳಿಬಿಡಿ. ರೋಗ ಊರು ಬಿಟ್ಟಿತು. ಅದು ಮುಟ್ಟಿದ ಕಾಲುಗಳು ಇನ್ನೂ ನಮ್ಮ ಮನೆಯಲ್ಲೇ ಇವೆ.