ನೀರು ಕಾದರೆ ಮೀನಿಗೆ ಹಸಿವೆ ಹೆಚ್ಚು, ಉಸಿರು ಕಡಮೆ

ಹಿರಿಯೂರಿನ ಸಮೀಪದಲ್ಲಿ, ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ, ವೇದಾವತಿಗೆ ಅಡ್ಡವಾಗಿ ಕಲ್ಲಿನ ಕಟ್ಟೆಯೊಂದು ನಿಂತಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1907ರಲ್ಲಿ, ಪೂರ್ಣಗೊಂಡ ಈ ಜಲಾಶಯಕ್ಕೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನಿಟ್ಟರು. ಸೀಮೆಯ ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆಯೇ. 130 ಅಡಿ ನೀರು ನಿಲ್ಲಬಲ್ಲ ಈ ಕಟ್ಟೆ 1933ರಲ್ಲಿ ತುಂಬಿ ಕೋಡಿ ಹರಿದ ಬಳಿಕ, ಮತ್ತೆ ಕೋಡಿ ಹರಿಯಲು 2022ನೆಯ ಇಸವಿಯೇ ಬರಬೇಕಾಯಿತು. ನಡುವೆ 89 ವರ್ಷಗಳು!

ಕೋಡಿ ಬಿದ್ದಾಗ ರೈತನು ತೋಟವನ್ನು ನೆನೆದು ಹಿಗ್ಗುತ್ತಾನೆ. ಆದರೆ ನೀರಿನ ಆಳದೊಡನೆ ಬಾಳು ಹೆಣೆದುಕೊಂಡಿರುವ ಇನ್ನೊಂದು ಜೀವವಿದೆ. ಅದೇ ಮೀನು.

ಮನುಷ್ಯನ ಮೈ ಚಿತ್ರದುರ್ಗದ ಬಿಸಿಲಿನಲ್ಲಿಯೂ ಮಾಗಿಯ ಚಳಿಯಲ್ಲಿಯೂ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಇರುತ್ತದೆ. ಕೆರೆಯ ಮೀನಿಗೆ ಈ ಸೌಕರ್ಯವಿಲ್ಲ. ನೀರಿನ ಶಾಖವೇ ಅದರ ಮೈಯ ಶಾಖ. ನೀರು ತಣ್ಣಗಾದರೆ ಅದರೊಳಗಿನ ಜೀವಕ್ರಿಯೆಗಳೆಲ್ಲ ಮಂದವಾಗುತ್ತವೆ. ನೀರು ಕಾದರೆ ತೀವ್ರವಾಗುತ್ತವೆ. ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ತನ್ನ ಸಹೋದ್ಯೋಗಿಯೊಡನೆ 1914ರಲ್ಲಿಯೇ ಹೊಂಬಣ್ಣದ ಮೀನನ್ನಿಟ್ಟುಕೊಂಡು ಈ ಸಂಬಂಧವನ್ನು ಅಳೆದು ತೋರಿಸಿದನು. ಸ್ಥೂಲವಾಗಿ ಹೇಳುವುದಾದರೆ, ನೀರಿನ ಉಷ್ಣಮಾನ ಹತ್ತು ಡಿಗ್ರಿ ಏರಿದರೆ ಮೀನು ಬಳಸುವ ಪ್ರಾಣವಾಯು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಗುತ್ತದೆ.

ಇದರಲ್ಲಿ ಲಾಭವೂ ಉಂಟು. ಕಾಟ್ಲಾ, ರೋಹು, ಮೃಗಾಲ ಮೊದಲಾದ ಗೆಂಡೆಗಳು ಸುಮಾರು 25ರಿಂದ 32 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಮೇಯ್ದು ಬೇಗ ಬೆಳೆಯುತ್ತವೆ. ಮುಂಗಾರಿನ ಬೆಚ್ಚನೆಯ ನೀರಿನಲ್ಲಿ ಅವುಗಳ ಮೊಟ್ಟೆ ಒಂದು ಹಗಲು ಒಂದು ರಾತ್ರಿ ಕಳೆಯುವುದರೊಳಗೆ ಒಡೆದು ಮರಿಯಾಗುತ್ತದೆ. ನೀಲಗಿರಿಯ ತಣ್ಣೀರಿನಲ್ಲಿ ನೆಲೆಸಿರುವ ಟ್ರೌಟ್ ಮೀನಿಗೆ ಇದೇ ಬೆಚ್ಚನೆಯ ನೀರು ಪ್ರಾಣಾಂತಿಕ. ಒಂದರ ಸುಖ ಇನ್ನೊಂದಕ್ಕೆ ಸಂಕಟ!

ಆದರೆ ಗೆಂಡೆಯ ಸುಖಕ್ಕೂ ಒಂದು ಎಲ್ಲೆಯಿದೆ. ಸಮುದ್ರಮಟ್ಟದ ಊರಿನಲ್ಲಿ 20 ಡಿಗ್ರಿಯ ಒಂದು ಲೀಟರು ಸಿಹಿನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಕರಗಿಸಿಕೊಳ್ಳಬಲ್ಲದು. ಅದೇ ನೀರು 30 ಡಿಗ್ರಿಗೆ ಕಾದರೆ ಏಳೂವರೆ ಮಿಲಿಗ್ರಾಂ ಮಾತ್ರ. ಎತ್ತರದ ಚಿತ್ರದುರ್ಗ ಸೀಮೆಯಲ್ಲಿ ಇನ್ನೂ ಸ್ವಲ್ಪ ಕಡಮೆ. ನಾವು ಉಸಿರಾಡುವ ಒಂದು ಲೀಟರು ಗಾಳಿಯಲ್ಲಿ ಇದರ ಸುಮಾರು ಮೂವತ್ತು ಪಟ್ಟು ಪ್ರಾಣವಾಯುವಿದೆ ಎಂಬುದನ್ನು ನೆನೆದರೆ ಮೀನಿನ ಬಡತನ ಮನಸ್ಸಿಗೆ ಬಂದೀತು. ಮನೆಯ ಖರ್ಚು ಇಮ್ಮಡಿಯಾದ ತಿಂಗಳಲ್ಲಿಯೇ ಸಂಬಳ ಇಳಿದರೆ ಸಂಸಾರಿಯ ಪಾಡು ಏನಾದೀತು? ಬೇಸಗೆಯ ಮೀನಿನ ಪಾಡೂ ಅದೇ.

ಮಾರಿಕಣಿವೆಯಂಥ ದೊಡ್ಡ ಜಲಾಶಯದಲ್ಲಿ ಮೇಲಿನ ನೀರು ಕಾದರೂ ಕೆಳಗೆ ಇಳಿದಂತೆ ತಂಪಿರುತ್ತದೆ. ಮೀನು ತನಗೆ ಹಿತವಾದ ಮಟ್ಟವನ್ನು ಹುಡುಕಿಕೊಳ್ಳಬಲ್ಲದು. ಹೊಳಲ್ಕೆರೆ, ಹೊಸದುರ್ಗಗಳ ಮಳೆನೀರಿನ ಸಣ್ಣ ಕೆರೆಗಳಲ್ಲಿ ಈ ಆಸರೆಯಿಲ್ಲ. ಚೈತ್ರ ವೈಶಾಖಗಳಲ್ಲಿ ನೀರು ಮೊಣಕಾಲುದ್ದಕ್ಕೆ ಇಳಿದಾಗ ಮೇಲಿನಿಂದ ತಳದವರೆಗೆ ಎಲ್ಲವೂ ಕಾಯುತ್ತದೆ. ಹಗಲಿನಲ್ಲಿ ಪಾಚಿಯು ಬಿಸಿಲನ್ನು ಹೀರಿ ಪ್ರಾಣವಾಯುವನ್ನು ಬಿಡುತ್ತದೆ. ರಾತ್ರಿ ಅದೇ ಪಾಚಿ ಮೀನಿನೊಡನೆ ಸೇರಿ ಪ್ರಾಣವಾಯುವನ್ನು ಬಳಸತೊಡಗುತ್ತದೆ. ಬೆಳಗಿನ ಜಾವಕ್ಕೆ ಉಗ್ರಾಣ ಬರಿದು. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆತೆರೆದು ಏದುಸಿರು ಬಿಡುತ್ತವೆ. ನೋಡುವವರಿಗೆ ಅದು ಆಟ. ಬಲೆಯನ್ನೇ ನಂಬಿದವನಿಗೆ ಅಪಾಯದ ಸೂಚನೆ. ಸೂರ್ಯೋದಯದೊಳಗೆ ಒಂದು ವರ್ಷದ ದುಡಿಮೆ ನೀರಿನ ಮೇಲೆ ತೇಲಬಹುದು. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ ಮೀನು ಮಾತ್ರ ಇಂಥ ಕಡೆಯಲ್ಲಿಯೂ ಬಹುಕಾಲ ತಾಳಿಕೊಳ್ಳುತ್ತದೆ.

ಆದುದರಿಂದಲೇ ತಿಳಿದ ಮೀನು ಸಾಕಣೆಗಾರನು ಕಡುಬೇಸಗೆಯಲ್ಲಿ ಮೇವನ್ನು ಕೈಬಿಗಿದು ಹಾಕುತ್ತಾನೆ. ಉಂಡದ್ದನ್ನು ಅರಗಿಸಿಕೊಳ್ಳಲು ಸಹ ಮೀನಿಗೆ ಹೆಚ್ಚಿನ ಪ್ರಾಣವಾಯು ಬೇಕು. ತಿನ್ನದೆ ಉಳಿದ ಮೇವು ಕೊಳೆತು ಇದ್ದುದನ್ನೂ ಕಬಳಿಸುತ್ತದೆ. ನೀರು ತೀರ ಇಳಿಯುವ ಮೊದಲೇ ದೊಡ್ಡ ಮೀನುಗಳನ್ನು ಹಿಡಿದರೆ ಉಳಿದವುಗಳಿಗೆ ಉಸಿರಾಡಲು ಎಡೆಯಾಗುತ್ತದೆ. ಹೂಳೆತ್ತಿದ ಕೆರೆಯಲ್ಲಿ ನೀರು ಆಳವಾಗಿ ನಿಂತು, ತಂಪು ಉಳಿಯುತ್ತದೆ. ಹೂಳೆತ್ತುವ ಕೆಲಸದಿಂದ ಗದ್ದೆಗೆ ಮಾತ್ರವೇ ಪ್ರಯೋಜನವೆಂದು ತಿಳಿಯಬೇಕಾಗಿಲ್ಲ.

ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಮಕ್ಕಳಿಗೂ ಇದೇ ಪಾಠ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ನೀರು ಬದಲಾಯಿಸುವಾಗ ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಬೇಕು. ಒಮ್ಮೆಲೇ ಬಂದ ಬದಲಾವಣೆಯನ್ನು ಮೀನು ತಾಳಲಾರದು. ಚಳಿಗಾಲದಲ್ಲಿ ಅದು ಮೇವನ್ನು ಮುಟ್ಟದಿದ್ದರೆ ರೋಗವೆಂದು ಗಾಬರಿಪಡುವ ಮೊದಲು ನೀರಿನಲ್ಲಿ ಬೆರಳಿಟ್ಟು ನೋಡುವುದು ಲೇಸು. ತಣ್ಣೀರಿನ ಮೀನಿಗೆ ಹಸಿವೆಯೇ ಕಡಮೆ.

ಕೆರೆಯಲ್ಲಿ ಮೀನು ಬಾಯಿ ತೆರೆದು ಮೇಲೆ ಬಂದರೆ ಅದು ಮೇವು ಬೇಡುತ್ತಿದೆಯೆಂದು ಹಿಡಿಮಂಡಕ್ಕಿ ಎರಚುವವರುಂಟು. ಪಾಪ, ಅದು ಬೇಡುತ್ತಿರುವುದು ಮಂಡಕ್ಕಿಯನ್ನಲ್ಲ, ಉಸಿರನ್ನು.