ಪಗಾರವೂ ಪರಾಕ್ರಮವೂ

ಬೆಲೆಬಾಳುವ ಒಂದು ಎತ್ತನ್ನು ಸಂತೆಯಿಂದ ತಂದ ಮಾತ್ರಕ್ಕೆ ಹೊಲವು ಹದವಾಗುವದಿಲ್ಲವೆಂಬದನ್ನು ಬಮ್ಮಿಗಟ್ಟಿಯ ಒಕ್ಕಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ನೇಗಿಲು ನಡೆಯುವದೆಂತು? ಆದರೆ ಅದೇ ಗೃಹಸ್ಥರು ಸಂಜೆಗೆ ಕ್ರಿಕೆಟ್ ಪಂದ್ಯವನ್ನು ನೋಡುತ್ತ, "ಇಷ್ಟು ಕೋಟಿ ಪಗಾರದವನು ಗೆಲ್ಲಿಸಲೇಬೇಕು" ಎಂದು ವಾದಿಸುವದುಂಟು. ಈ ಮಾತನ್ನು ತುಸು ವಿಚಾರಿಸೋಣ.

ಐ.ಪಿ.ಎಲ್. ಪಂದ್ಯಗಳು ಆರಂಭವಾದ 2008 ರಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ಬಂದದ್ದು ಧೋನಿಯವರಿಗೆ: 15 ಲಕ್ಷ ಡಾಲರು. ಅವರ ಚೆನ್ನೈ ತಂಡವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ರಾಜಸ್ಥಾನ. ಅದರ ನಾಯಕ ಶೇನ್ ವಾರ್ನರ ಬೆಲೆಯು ನಾಲ್ಕೂವರೆ ಲಕ್ಷ ಡಾಲರು ಮಾತ್ರ. ಮರುವರ್ಷ ನಮ್ಮ ಬೆಂಗಳೂರು ತಂಡದವರು ಕೆವಿನ್ ಪೀಟರ್ಸನ್ನರನ್ನು ಹದಿನೈದೂವರೆ ಲಕ್ಷ ಡಾಲರಿಗೆ ಕೊಂಡು ನಾಯಕರನ್ನಾಗಿಸಿದರು. ಅವರು ನಡುವೆಯೇ ಸ್ವದೇಶಕ್ಕೆ ಮರಳಿದ ತರುವಾಯ, ಅನಿಲ ಕುಂಬಳೆಯವರ ನಾಯಕತ್ವದಲ್ಲಿಯೇ ತಂಡವು ಅಂತಿಮ ಪಂದ್ಯವನ್ನು ಮುಟ್ಟಿತು. 2014 ರಲ್ಲಿ ಯುವರಾಜ ಸಿಂಗರಿಗೆ 14 ಕೋಟಿ ರೂಪಾಯಿ ಕೊಟ್ಟಾಗ ಬೆಂಗಳೂರಿಗೆ ದೊರೆತದ್ದು ಏಳನೆಯ ಸ್ಥಾನ.

ಇದಕ್ಕೆ ಕಾರಣವೇನು? ಲಿಲಾವಿನಲ್ಲಿ ಬೆಲೆಯನ್ನು ಏರಿಸುವದು ಆಟಗಾರನ ಯೋಗ್ಯತೆಯೊಂದೇ ಅಲ್ಲ; ಪಟ್ಟು ಬಿಡದ ಇಬ್ಬರು ಕೊಳ್ಳುವವರ ಗರಜೂ ಹೌದು. ಮೇಲಾಗಿ ಎಲ್ಲ ತಂಡಗಳ ಚೀಲವೂ ಸಮ. 2025 ರಲ್ಲಿ ಅದು 120 ಕೋಟಿಯಾಗಿತ್ತು. ಲಖನೌದವರು ರಿಷಭ ಪಂತರೊಬ್ಬರಿಗೇ 27 ಕೋಟಿ ತೆತ್ತರು. ಉಳಿದವರೆಲ್ಲರಿಗೆ 93 ಕೋಟಿ ಉಳಿಯಿತು. ಹತ್ತು ತಂಡಗಳಲ್ಲಿ ಏಳನೆಯವರಾದರು. ಆದರೂ ದುಬಾರಿಯವರೆಲ್ಲ ನಿರುಪಯೋಗಿಗಳೆಂದು ತಿಳಿಯಬಾರದು. ಶ್ರೇಯಸ ಅಯ್ಯರರು 26.75 ಕೋಟಿ ಪಡೆದು ಪಂಜಾಬನ್ನು ಅಂತಿಮ ಪಂದ್ಯಕ್ಕೊಯ್ದರು. ಅಲ್ಲಿ, 2025 ರ ಜೂನ್ 3 ರಂದು, ಅವರನ್ನು 6 ರನ್ನುಗಳಿಂದ ಗೆದ್ದು ಬೆಂಗಳೂರು ಹದಿನೆಂಟನೆಯ ಯತ್ನದಲ್ಲಿ ಮೊದಲ ಸಲ ಕಿರೀಟವನ್ನು ಧರಿಸಿತು. ಅಂದಿನ ಶ್ರೇಷ್ಠ ಆಟಗಾರ 21 ಕೋಟಿಯ ವಿರಾಟ ಕೊಹ್ಲಿಯವರಲ್ಲ, 5.75 ಕೋಟಿಯ ಕೃಣಾಲ ಪಾಂಡ್ಯರು.

ಚೀಲವು ಸಮವಲ್ಲದಲ್ಲಿ ಮಾತು ಬೇರೆ. ಇಂಗ್ಲಂಡಿನ ಕಾಲ್ಚೆಂಡಿನಲ್ಲಿ ಹೆಚ್ಚು ಪಗಾರ ಕೊಡುವ ತಂಡಗಳೇ ಸಾಮಾನ್ಯವಾಗಿ ಮೇಲಿರುವವು. ಆದುದರಿಂದಲೇ 2016 ರಲ್ಲಿ ಲೆಸ್ಟರ್ ಗೆದ್ದಾಗ ಜಗತ್ತು ಬೆರಗಾಯಿತು.

ಹಣವು ಆಳನ್ನು ತರಬಲ್ಲದು, ಜೋಡಿಯನ್ನು ಹೊಂದಿಸಲಾರದು. ಮನೆಯ ಮಕ್ಕಳಲ್ಲಿ ಒಬ್ಬನ ಪಗಾರವನ್ನು ಇನ್ನೊಬ್ಬನದರೊಡನೆ ತೂಗುವಾಗಲೂ ವಾಚಕರು ಇದನ್ನು ನೆನೆಯಲಿ: ಬೆಲೆಯನ್ನು ಸಂತೆಯು ಕಟ್ಟುವದು, ಯೋಗ್ಯತೆಯನ್ನು ಹೊಲವೇ ತೋರಿಸುವದು.